‘ಕರ್ನಾಟಕ’ದಲ್ಲಿ ಅಕ್ಷರ ಎಷ್ಟು?

(ಗುರುತು ಸಿಗದಿರಲೆಂದು ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗನೂ ಮನೆಯವರೂ ಒಪ್ಪಿದ್ದಾರೆ.)

ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದ ತಂದೆ ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳಿದರು: “ಇವನಿಗೆ ಕಂಪ್ಯೂಟರ್ ಹುಚ್ಚು ಹಿಡಿದಿದೆ ಮೇಡಂ, ಬಿಡಿಸಿಕೊಡಿ.” ದೆವ್ವ ಬಿಡಿಸುವವರ ಹತ್ತಿರ ಕರೆತಂದ ಹಾಗಿತ್ತು. ಮಗನಿಗೆ ಹದಿನಾರು, ಪ್ರಥಮ ಪಿಯುಸಿ ವಿಜ್ಞಾನ. ನೆಲ ನೋಡುತ್ತ ಕೂತಿದ್ದ.

ತಂದೆ ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರು, ಗಮಕ ವಾಚನದ ಹುಚ್ಚಿನವರು. (ಆ ಹುಚ್ಚನ್ನು ಬಿಡಿಸಿ ಎಂದು ಅವರನ್ನು ಯಾರೂ ಎಲ್ಲಿಗೂ ಕರೆದೊಯ್ದಿರಲಿಲ್ಲ.) ದೂರುಗಳ ಪಟ್ಟಿ ಉದ್ದವಿತ್ತು. ರಾತ್ರಿ ಎರಡರವರೆಗೆ ಕಂಪ್ಯೂಟರ್, ತಟ್ಟೆ ಅದರ ಪಕ್ಕದಲ್ಲೇ, ನೆಂಟರ ಮದುವೆಗೆ ಬರುವುದಿಲ್ಲ, ಅರ್ಧವಾರ್ಷಿಕದಲ್ಲಿ ಫಿಸಿಕ್ಸ್ ಫೇಲು. ಒಂದು ರಾತ್ರಿ ಅಪ್ಪ ಪ್ಲಗ್ ಕಿತ್ತಿದ್ದರು, ಮಗ ಕೈ ತಳ್ಳಿದ್ದ. ಅಮ್ಮ ಅಡಿಗೆಮನೆಯಲ್ಲಿ ನಿಂತು ಅತ್ತಿದ್ದರು. ಅವರನ್ನು ನನ್ನ ತನಕ ತಂದದ್ದು ಆ ರಾತ್ರಿ.

ಮೊದಲ ತಪ್ಪು ನನ್ನದೇ. “ದಿನಕ್ಕೆ ಎಷ್ಟು ಗಂಟೆ ಕೂರ್ತೀಯ?” ಎಂದು ಕೇಳಿದೆ. “ಲೆಕ್ಕ ಇಟ್ಟಿಲ್ಲ” ಎಂದು ಬಾಯಿ ಮುಚ್ಚಿಕೊಂಡ. ಕುಡುಕನಿಗೆ ಎಷ್ಟು ಪೆಗ್ ಎಂದು ಕೇಳಿದಂತಾಯಿತು. ದೊಡ್ಡವರನ್ನು ಹೊರಗೆ ಕೂರಿಸಿ, ಗಂಟೆಯ ಮಾತು ಬಿಟ್ಟು, ಕೂತು ಏನು ಮಾಡುತ್ತೀಯ ಎಂದೆ. ಹೇಳಿದರೆ ನನಗೆ ತಿಳಿಯುವುದಿಲ್ಲವಂತೆ. ತಿಳಿಯದಿದ್ದರೂ ಪರವಾಗಿಲ್ಲ, ಹೇಳು ಎಂದೆ.

ನನ್ನ ಪ್ಯಾಡ್ ಎಳೆದುಕೊಂಡು ‘ಕರ್ನಾಟಕ’ ಎಂದು ಬರೆದ. “ಎಷ್ಟು ಅಕ್ಷರ?”

“ನಾಲ್ಕು.”

“ಪೈಥಾನ್ ಏಳು ಅನ್ನುತ್ತೆ.”

ಆಮೇಲೆ ಇಪ್ಪತ್ತು ನಿಮಿಷ ನಾನು ಮಾತಾಡಲೇ ಇಲ್ಲ. ಪೈಥಾನ್ ಎಂಬುದು ಪ್ರೋಗ್ರಾಮ್ ಬರೆಯುವ ಭಾಷೆ. ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ ಎಲ್ಲಕ್ಕೂ ಒಂದೊಂದು ಸಂಖ್ಯೆ. ನಾವು ರ್ನಾ ಎಂದು ಒಂದೇ ಉಸಿರಲ್ಲಿ ಓದುವುದು ಅದಕ್ಕೆ ನಾಲ್ಕು ತುಂಡು. ಪದವನ್ನು ಹಿಂದುಮುಂದು ಮಾಡು ಎಂದರೆ ‘ಕಟಾನ್ರಕ’ ಎನ್ನುತ್ತದೆ! ‘ಕನ್ನಡ’ವನ್ನು ತಿರುಗಿಸಿದಾಗ ‘ಡನ್ನಕ’ ಎಂದು ಸರಿಯಾಗಿಯೇ ಬಂದಿತ್ತಂತೆ. ಹಲಂತದ ಎರಡೂ ಕಡೆ ನ ಇದ್ದದ್ದಕ್ಕೆ ಅದೃಷ್ಟದಿಂದ ಸರಿಹೋದದ್ದು ಎಂದು ಗೊತ್ತಾಗಲು ಎರಡು ರಾತ್ರಿ ಬೇಕಾಯಿತಂತೆ. ಆ ಎರಡು ರಾತ್ರಿಯ ಮಾತಾಡುವಾಗ ಅವನ ಮುಖ ನೋಡಬೇಕಿತ್ತು.

2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಬಂದ ಫೋನಿನಲ್ಲಿ ಶುರುವಾದದ್ದು ಇದು. ಒಂದು ಆಟದ ಒಳಗೆ ಏನಿದೆ ಎಂದು ಹುಡುಕಲು ಹೋಗಿ ಆಟ ಬಿಟ್ಟುಹೋಯಿತು, ಹುಡುಕಾಟ ಉಳಿಯಿತು. ಹತ್ತನೇ ತರಗತಿಯಲ್ಲಿ ಸೋದರಮಾವ ಹಳೆಯ ಡೆಸ್ಕ್‌ಟಾಪ್ ಕೊಟ್ಟರು. ಮಳೆಗಾಲದಲ್ಲಿ ಕರೆಂಟು ಹೋಗಿ ಬರೆದದ್ದೆಲ್ಲ ಅಳಿಸಿಹೋದ ಮೇಲೆ, ನಾಲ್ಕು ಸಾಲಿಗೊಮ್ಮೆ ಸೇವ್ ಮಾಡುವ ಅಭ್ಯಾಸ ಬಿತ್ತು.

ಎರಡನೇ ಭೇಟಿಯಲ್ಲಿ ಅಸಲು ಗಂಟು ಕೈಗೆ ಸಿಕ್ಕಿತು. ಹತ್ತರವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಬಂದ ಮೊದಲ ವಾರ ಫಿಸಿಕ್ಸ್ ತರಗತಿಯಲ್ಲಿ ಏನೋ ಕೇಳಲು ಎದ್ದ, ಇಂಗ್ಲಿಷ್ ಅರ್ಧಕ್ಕೆ ನಿಂತಿತು, ಹಿಂದಿನ ಬೆಂಚು ನಕ್ಕಿತು. ಆಮೇಲೆ ಅವನು ಎದ್ದಿಲ್ಲ. “ಕಂಪ್ಯೂಟರ್ ಬೈಯುತ್ತೆ ಮೇಡಂ, ಆದ್ರೆ ನಗಲ್ಲ. ಯಾವ ಸಾಲಲ್ಲಿ ತಪ್ಪು ಅಂತಾನೂ ಹೇಳುತ್ತೆ.” ‘ಇಂಡೆಂಟೇಷನ್’ ಎಂಬ ಪದದ ಅರ್ಥ ಕಲಿತದ್ದೇ ಹಾಗೆ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ತಪ್ಪಿದರೆ ಅದು ಮುಂದೆ ಹೋಗುವುದಿಲ್ಲ.

ಹಾಗಿದ್ದರೆ ಇದು ಚಟವೇ? ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಹೇಳುವ ಗೇಮಿಂಗ್ ಕಾಯಿಲೆಗೆ ಲಕ್ಷಣಗಳಿವೆ: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಹಾನಿಯಾದರೂ ಬಿಡಲಾಗದಿರುವುದು, ಇವೆಲ್ಲ ಸಾಮಾನ್ಯವಾಗಿ 12 ತಿಂಗಳು ಇರುವುದು. ಇವನು ಆಡುವುದೇ ಇಲ್ಲ. ಕಾಲೇಜು ರಜೆಯಲ್ಲಿ ಅಜ್ಜನ ಮನೆಗೆ ಹೋದರೆ ಹತ್ತು ದಿನ ಕಂಪ್ಯೂಟರಿನ ನೆನಪೂ ಇರಲಿಲ್ಲವಂತೆ. ಬದುಕು ಬೇಡವೆನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ, ಕೇಳಲೇಬೇಕು. ಇಲ್ಲ ಎಂದ. ನಂಬಿದೆ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ.

ಚಟವಲ್ಲ ಎಂದಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಇದನ್ನು ಮಗನಿಗೂ ಬಿಗಿಯಾಗಿಯೇ ಹೇಳಿದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅವನಿಗೆ ಸಿಗುತ್ತಿದ್ದದ್ದು ಐದು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕಗಳಿಗೆ ಅರ್ಧ ಪಾಲು, ‘ಕಟಾನ್ರಕ’ಕ್ಕೆ ಏನೂ ಇಲ್ಲ. ಫಿಸಿಕ್ಸ್ ತರಗತಿಯಿಂದ ತಪ್ಪಿಸಿಕೊಳ್ಳಲು ಅವನು ಪೈಥಾನ್ ಹಿಂದೆ ಅಡಗುತ್ತಿದ್ದ, ಅದೂ ನಿಜ. ಹೇಳಿದಾಗ ಸಿಟ್ಟಾದ, ಸ್ವಲ್ಪ ಹೊತ್ತಿನ ಮೇಲೆ ಒಪ್ಪಿದ.

ಕಂಪ್ಯೂಟರ್ ಅವನ ಕೋಣೆಯಿಂದ ನಡುಮನೆಗೆ ಬರಲಿ, ರಾತ್ರಿ ಹತ್ತೂವರೆಗೆ ಆರಲಿ, ಆದರೆ ಪ್ಲಗ್ ಕೀಳುವ ಹಕ್ಕು ಯಾರಿಗೂ ಇಲ್ಲ ಎಂದು ಒಪ್ಪಂದ ಮಾಡಿಸಿದೆ. ನಿಲ್ಲಿಸಲಾಗದಿರುವುದಕ್ಕೆ ಕಾರಣ, ತಲೆಯಲ್ಲಿದ್ದದ್ದು ಬೆಳಗ್ಗೆ ಮರೆತುಹೋದೀತೆಂಬ ಭಯ. ಅದಕ್ಕೆ, ಆರಿಸುವ ಮೊದಲು ಮುಂದಿನ ಹೆಜ್ಜೆಯನ್ನು ಪ್ರೋಗ್ರಾಮಿನಲ್ಲೇ ಕಾಮೆಂಟ್ (ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ) ಆಗಿ ಒಂದು ಸಾಲು ಕನ್ನಡದಲ್ಲಿ ಬರೆದಿಡು ಎಂದೆ. ಎಲ್ಲ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಈ ಚಿಕ್ಕದೇ. ಫಿಸಿಕ್ಸ್ ಉಪನ್ಯಾಸಕರನ್ನು ತರಗತಿ ಮುಗಿದ ಮೇಲೆ, ಕನ್ನಡದಲ್ಲೇ, ವಾರಕ್ಕೊಂದು ಪ್ರಶ್ನೆ ಕೇಳಬೇಕು. ಅವರನ್ನು ತಂದೆ ಮೊದಲೇ ಕಂಡು ಮಾತಾಡಿದರು. ಪಕ್ಕದ ಮನೆಯ ಹುಡುಗಿಯ ಹೋಲಿಕೆ ಬಂದ್. ಭಾನುವಾರ ಹತ್ತು ನಿಮಿಷ ಅಪ್ಪ ಪರದೆಯ ಮುಂದೆ ಕೂತು ಮಗ ಮಾಡಿದ್ದನ್ನು ನೋಡಬೇಕು, ಅಂಕದ ಮಾತು ತೆಗೆಯಬಾರದು. ಈ ಕೊನೆಯದಕ್ಕೆ ಮೇಷ್ಟ್ರು ಮುಖ ಗಂಟಿಕ್ಕಿದರು.

ನಾಲ್ಕನೇ ಭೇಟಿ ಮೂರು ತಿಂಗಳ ಮೇಲೆ. ಫಿಸಿಕ್ಸ್ ಪಾಸು, ಅಷ್ಟೇ, ಹಿಗ್ಗುವಂಥದ್ದಲ್ಲ. ಹತ್ತೂವರೆ ಈಗ ಹನ್ನೊಂದಾಗಿದೆ. ಮಾತು ಪೂರ್ತಿ ಬೇರೆಡೆ ಹೋಗಿತ್ತು. ಮಗ ಭಾಮಿನಿ ಷಟ್ಪದಿಯ ಮಾತ್ರೆ ಎಣಿಸುವ ಪ್ರೋಗ್ರಾಮ್ ಬರೆದಿದ್ದ. ಒಟ್ಟು 102 ಮಾತ್ರೆ ಬರಬೇಕು, ಒಂದು ಪದ್ಯಕ್ಕೆ 101 ತೋರಿಸುತ್ತಿತ್ತು. ಅಪ್ಪ ಕನ್ನಡಕ ಸರಿಸಿ ನೋಡಿ, ಅನುಸ್ವಾರವಿರುವ ಅಕ್ಷರವನ್ನು ಲಘು (ಒಂದು ಮಾತ್ರೆ) ಮಾಡಿದ್ದೀಯ, ಅದು ಗುರು (ಎರಡು ಮಾತ್ರೆ) ಎಂದರಂತೆ. ಮಗ ತಿದ್ದಿದ. ಆಮೇಲೆ ಅಪ್ಪನೇ ಹೊಸ ತಕರಾರು ತೆಗೆದರು. ಒತ್ತಕ್ಷರದ ಹಿಂದಿನದು ಗುರು ಎಂಬ ನಿಯಮ ಎಲ್ಲ ಕಡೆಯೂ ನಡೆಯುವುದಿಲ್ಲ, ಹಳಗನ್ನಡದಲ್ಲಿ ಶಿಥಿಲದ್ವಿತ್ವ ಎಂದೊಂದಿದೆ, ‘ಅಮರ್ದು’ವಿನಂಥ ಪದಗಳಲ್ಲಿ ಒತ್ತು ತೇಲಿಹೋಗಿ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು, ಅದನ್ನು ನಿನ್ನ ಯಂತ್ರ ಹೇಗೆ ಹಿಡಿಯುತ್ತದೆ?

“ಪಟ್ಟಿ ಕೊಟ್ಟರೆ ಹಿಡಿಯುತ್ತೆ” ಎಂದನಂತೆ ಮಗ.

ಆ ದಿನ ನನ್ನ ಕೋಣೆಯಲ್ಲಿ ಮಗ ಮಾತಾಡುತ್ತಿದ್ದ. ಮೇಷ್ಟ್ರು ನೂರು ಪುಟದ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಪದ ಬರೆಯುತ್ತಿದ್ದರು. ನಾನು ಕೇಳಿದ ಪ್ರಶ್ನೆಗೆ ಎರಡು ಸಲ ಉತ್ತರ ಕೊಡಲಿಲ್ಲ.