ಮತ್ತೆ ಮತ್ತೆ ನೋಡಬಹುದಾದ, ಸೈನಿಕ ಬದುಕನ್ನು ನಿಜವಾಗಿ ತೋರಿಸುವ ಹಳೆಯ ಚಿತ್ರ ಯಾವುದು?
ನನ್ನ ಆಯ್ಕೆ 1981ರ ಜರ್ಮನ್ ಚಿತ್ರ ‘ದಾಸ್ ಬೂಟ್’. ಎಷ್ಟು ಸಲ ನೋಡಿದರೂ ಉಸಿರು ಬಿಗಿಹಿಡಿಯುವಂತೆ ಮಾಡುತ್ತದೆ.

ಎರಡನೇ ಮಹಾಯುದ್ಧದ ಜಲಾಂತರ್ಗಾಮಿಯ ಒಳಭಾಗವನ್ನು ನಿರ್ದೇಶಕ ವೋಲ್ಫ್‌ಗಾಂಗ್ ಪೀಟರ್ಸನ್ ಇದ್ದಷ್ಟೇ ಇಕ್ಕಟ್ಟಾಗಿ ಕಟ್ಟಿಸಿದರು. ಛಾಯಾಗ್ರಾಹಕ ಯೋಸ್ಟ್ ವಕಾನೊ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ತಲೆಗೆ ಪೆಟ್ಟಾಗದಂತೆ ಹೆಲ್ಮೆಟ್ ಧರಿಸಿ, ಆ ಹಾದಿಯಲ್ಲಿ ಓಡಿದರು. ಚಿತ್ರೀಕರಣ ಬಹುಪಾಲು ಕಥೆಯ ಕ್ರಮದಲ್ಲೇ ನಡೆಯಿತು. ನಟರನ್ನು ಬಿಸಿಲಿನಿಂದ ದೂರವಿಡಲಾಯಿತು. ಹಾಗಾಗಿ ನಾವು ಕಾಣುವ ಗಡ್ಡ ನಿಜವಾಗಿ ಬೆಳೆದದ್ದು, ಬಿಳಿಚಿದ ಮುಖವೂ ಬರಿಯ ಬಣ್ಣವಲ್ಲ. ಆದರೆ ನನ್ನನ್ನು ಹೆಚ್ಚು ತಟ್ಟುವುದು ಅದರಲ್ಲಿರುವ ಕಾಯುವಿಕೆ. ವಾರಗಟ್ಟಲೆ ಏನೂ ನಡೆಯದ ಬೇಸರ, ಆಮೇಲೆ ಒಮ್ಮೆಗೇ ಎರಗುವ ಸಾವಿನ ಭಯ. ಸಮವಸ್ತ್ರದ ಗುಂಡಿ ಸರಿಯಿದೆಯೇ ಎಂಬುದಕ್ಕಿಂತ ಇದು ದೊಡ್ಡ ಸತ್ಯ.

ಸೈನಿಕ ತರಬೇತಿಯನ್ನು ನೋಡಬೇಕೆಂದರೆ 1987ರ ‘ಫುಲ್ ಮೆಟಲ್ ಜಾಕೆಟ್’ ನೋಡಿ. ಅದರಲ್ಲಿ ಡ್ರಿಲ್ ಬೋಧಕನಾಗಿ ನಟಿಸಿದ ಆರ್. ಲೀ ಎರ್ಮಿ ಅಮೆರಿಕದ ಮರೀನ್ ಪಡೆಯಲ್ಲಿ ಅದೇ ಕೆಲಸ ಮಾಡಿದ್ದವರು. ಚಿತ್ರಕ್ಕೆ ತಾಂತ್ರಿಕ ಸಲಹೆಗಾರರಾಗಿ ಬಂದು ಪಾತ್ರವನ್ನೇ ಗಳಿಸಿಕೊಂಡರು.

ಇದಕ್ಕೆ ತದ್ವಿರುದ್ಧ 1965ರ ‘ಬ್ಯಾಟಲ್ ಆಫ್ ದಿ ಬಲ್ಜ್’. ಎರಡನೇ ಮಹಾಯುದ್ಧದ ಆ ಹೆಸರಿನ ಕದನ ನಡೆದದ್ದು ಬೆಲ್ಜಿಯಂ ಭಾಗದ ಹಿಮ ಕವಿದ ಆರ್ಡೆನ್ ಕಾಡಿನಲ್ಲಿ. ಚಿತ್ರದ ಕೊನೆಯ ಟ್ಯಾಂಕ್ ಕಾಳಗ ಮಾತ್ರ ಸ್ಪೇನಿನ ಒಣ ಬಯಲಿನಲ್ಲಿ ನಡೆಯುತ್ತದೆ, ಜರ್ಮನ್ ಟ್ಯಾಂಕುಗಳ ಜಾಗದಲ್ಲಿ ಯುದ್ಧಾನಂತರದ ಅಮೆರಿಕನ್ ಟ್ಯಾಂಕುಗಳಿವೆ. ಆ ಚಳಿಯಲ್ಲಿ ಹೋರಾಡಿದವರಿಗೆ ಇದು ಅನ್ಯಾಯವೆಂದೇ ನನಗನ್ನಿಸುತ್ತದೆ.