ಹಳೇ ಸಿಡಿಯೋ, ರೀಮಾಸ್ಟರೋ? ಹೆವಿ ಮೆಟಲ್ ಕೇಳುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಐರನ್ ಮೇಡನ್ ತಂಡದ ‘ದಿ ನಂಬರ್ ಆಫ್ ದಿ ಬೀಸ್ಟ್’ ನನ್ನ ಹತ್ತಿರ ಎರಡಿವೆ. ಒಂದು ಎಂಬತ್ತರ ದಶಕದ ಸಿಡಿ, ಇನ್ನೊಂದು 1998ರ ರೀಮಾಸ್ಟರ್, ಅಂದರೆ ಅದೇ ರೆಕಾರ್ಡಿಂಗಿನ ಸದ್ದನ್ನು ಹೊಸದಾಗಿ ಹದಗೊಳಿಸಿದ ಮುದ್ರಣ. ಹಳೆಯದೇ ಚೆನ್ನ ಅಂತ ಬಲ್ಲವರೆಲ್ಲ ಹೇಳುತ್ತಾರೆ. ನನಗೋ 1998ರದ್ದೇ ತುಂಬಿಕೊಂಡಂತೆ ಕೇಳುತ್ತದೆ. ನನ್ನ ಕಿವಿಯಲ್ಲೇ ಏನಾದರೂ ಐಬಿದೆಯೇ?

ಉತ್ತರ: ಕಿವಿ ಸರಿಯಾಗಿಯೇ ಇದೆ, ತಕ್ಕಡಿ ಸಮ ಇಲ್ಲ ಅಷ್ಟೆ. ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೇ ಸಲ ವಾಲ್ಯೂಮ್ ಒಂದು ಡೆಸಿಬೆಲ್ ಏರಿಸಿ ನೋಡಿ. ‘ಸದ್ದು ಜಾಸ್ತಿಯಾಯಿತು’ ಎಂದು ಯಾರೂ ಹೇಳುವುದಿಲ್ಲ, ‘ಇದರಲ್ಲಿ ಬೇಸ್ ಚೆನ್ನಾಗಿದೆ’ ಎನ್ನುತ್ತಾರೆ. ಸದ್ದು ಏರಿದಷ್ಟೂ ನಮ್ಮ ಕಿವಿ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಹೆಚ್ಚು ಹಿಡಿಯುತ್ತದೆ. 1998ರ ಮೇಡನ್ ಸಿಡಿಗಳಲ್ಲಿ ಸದ್ದಿನ ಸರಾಸರಿ ಮಟ್ಟವೇ ಹಳೆಯವಕ್ಕಿಂತ ಮೇಲಿದೆ. ವಾಲ್ಯೂಮ್ ಗುಂಡಿ ಮುಟ್ಟದೆ ಎರಡನ್ನೂ ಒಂದರ ಹಿಂದೊಂದು ಹಾಕಿದರೆ ಗೆಲ್ಲುವುದು ಯಾವುದೆಂದು ಮೊದಲೇ ಗೊತ್ತು.

ಹಾಗಾಗಿ ಮೊದಲು ಮಟ್ಟ ಸಮ ಮಾಡಿಕೊಳ್ಳಿ. ಸಿಡಿ ನಕಲಿಸುವ ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದ ಸೆಕ್ಯೂರ್ ಮೋಡ್‌ನಲ್ಲಿ (ತಪ್ಪಾಗದಂತೆ ಮತ್ತೆ ಮತ್ತೆ ಓದುವ ವಿಧಾನ) ಎರಡೂ ಸಿಡಿಗಳನ್ನು ವೇವ್ ಫೈಲ್ ಆಗಿ ಇಳಿಸಿ. ಟ್ರ್ಯಾಕ್ ಸಂಖ್ಯೆ ನಂಬಿ ಜೋಡಿ ಮಾಡಬೇಡಿ: 1998ರ ಸಿಡಿಯಲ್ಲಿ ‘ಟೋಟಲ್ ಎಕ್ಲಿಪ್ಸ್’ ನಡುವೆ ಸೇರಿರುವುದರಿಂದ ಹಳೆಯದರಲ್ಲಿ 8ನೆಯದಾಗಿರುವ ‘ಹ್ಯಾಲೋಡ್ ಬಿ ದೈ ನೇಮ್’ ಇದರಲ್ಲಿ 9ನೆಯದು. ಎರಡೂ ಫೈಲುಗಳನ್ನು ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದು, ಇಡೀ ತಂಡ ಒಟ್ಟಿಗೆ ಬಾರಿಸುವ ಒಂದೇ ಭಾಗವನ್ನು ಎರಡರಲ್ಲೂ 30 ಸೆಕೆಂಡಿನಷ್ಟು ಕತ್ತರಿಸಿಕೊಳ್ಳಿ. ಶುರು ಒಂದೇ ಡ್ರಮ್ ಏಟಿನಿಂದ ಆಗಲಿ. ಆಮೇಲೆ ಎಫೆಕ್ಟ್ ಪಟ್ಟಿಯ ‘ಲೌಡ್‌ನೆಸ್ ನಾರ್ಮಲೈಸೇಶನ್’ ತೆಗೆದು, ಎರಡನ್ನೂ ಒಂದಾದ ಮೇಲೊಂದು ಮೈನಸ್ 23 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಎಷ್ಟು ಜೋರು ಎಂದು ಅಳೆಯುವ ಮಾನ) ತನ್ನಿ. ಎಡ-ಬಲ ಚಾನೆಲ್‌ಗಳನ್ನು ಬೇರೆಬೇರೆಯಾಗಿ ಸರಿಮಾಡುವ ಆಯ್ಕೆಗೆ ಟಿಕ್ ಇರಬಾರದು; ಇದ್ದರೆ ಸ್ಟೀರಿಯೋ ಸಮತೋಲವೇ ಬದಲಾಗುತ್ತದೆ. 24 ಬಿಟ್ ವೇವ್ ಆಗಿ ಉಳಿಸಿಕೊಳ್ಳಿ. ಎರಡರ ನಡುವೆ ವ್ಯತ್ಯಾಸ 0.2 ಡೆಸಿಬೆಲ್ ಮೀರದಿದ್ದರೆ ಸಾಕು.

ಇಡೀ ಹಾಡು ಬಿಟ್ಟು ಒಂದು ತುಂಡನ್ನು ಮಾತ್ರ ಸಮ ಮಾಡುವುದಕ್ಕೆ ಕಾರಣವಿದೆ. ‘ಹ್ಯಾಲೋಡ್’ ಶುರುವಾಗುವುದು ಗಂಟೆಯ ಸದ್ದಿನಿಂದ. ಮೆಲ್ಲಗೆ ಗಿಟಾರ್, ತಗ್ಗಿದ ದನಿ, ಆಮೇಲೆ ತಂಡ ಪೂರ್ತಿ ಒಳಗೆ ಬರುತ್ತದೆ. ಅಬ್ಬರದ ಭಾಗವನ್ನು ಸಮ ಮಾಡಿದಾಗ ಎಷ್ಟು ಏರಿಸಿದಿರಿ ಅಥವಾ ಇಳಿಸಿದಿರಿ ಎಂದು ಬರೆದಿಟ್ಟುಕೊಂಡು, ಅಷ್ಟನ್ನೇ ಇಡೀ ಹಾಡಿಗೂ ಅನ್ವಯಿಸಿ ಗಂಟೆಯ ಭಾಗ ಕೇಳಿ. ಯಾವ ಸಿಡಿಯಲ್ಲಿ ಲಿಮಿಟರ್ (ಶಿಖರಗಳನ್ನು ಅದುಮಿ ಒಟ್ಟು ಸದ್ದು ಏರಿಸುವ ಸಾಧನ) ಜೋರಾಗಿ ಕೆಲಸ ಮಾಡಿದೆಯೋ ಅದರಲ್ಲಿ ಗಂಟೆ ಇನ್ನೊಂದರದ್ದಕ್ಕಿಂತ ಎದ್ದು ಕೇಳುತ್ತದೆ, ತಂಡ ಒಳಗೆ ಬಂದಾಗ ಎದೆಗೆ ಬಡಿಯಬೇಕಾದ ಏಟು ಬಡಿಯುವುದಿಲ್ಲ. ಮುಂದೆ ಸ್ನೇರ್ ಡ್ರಮ್ ಕಡೆ ಗಮನ ಕೊಡಿ. ಡ್ರಮ್ಮಿನ ಮೇಲ್ಮೈಗೆ ಕಡ್ಡಿ ಬಿದ್ದ ‘ಟಕ್’ ಕೇಳುತ್ತದೆಯೋ, ಗಿಟಾರ್ ಗೋಡೆಯ ಹಿಂದಿನಿಂದ ‘ಪಟ್’ ಎನ್ನುತ್ತದೆಯೋ? ಸಿಂಬಲ್ ಹೊಡೆದ ಮೇಲೆ ಅದರ ಝೇಂಕಾರ ತನ್ನಷ್ಟಕ್ಕೆ ಕರಗುತ್ತದೆಯೋ, ಕಿಕ್ ಡ್ರಮ್ಮಿನ ಪ್ರತಿ ಏಟಿಗೂ ತಗ್ಗಿ ಏಳುತ್ತದೆಯೋ? ಅನುಮಾನವಿದ್ದರೆ ತರಂಗವನ್ನು ಹಿಗ್ಗಿಸಿ ನೋಡಿ. ಶಿಖರಗಳ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ಸಪಾಟಾಗಿದ್ದರೆ ಅದು ಕ್ಲಿಪ್ಪಿಂಗ್. ವಾಲ್ಯೂಮ್ ಇಳಿಸಿದರೆ ಅದು ವಾಸಿಯಾಗುವುದಿಲ್ಲ, ಕತ್ತರಿಸಿದ್ದು ಕತ್ತರಿಸಿದ್ದೇ.

ಕೊನೆಯದಾಗಿ ಕುರುಡು ಪರೀಕ್ಷೆ. ಫೂಬಾರ್2000 ಎಂಬ ಪ್ಲೇಯರ್ ತಂತ್ರಾಂಶದ ಎಬಿಎಕ್ಸ್ ಕಂಪೇರೇಟರ್‌ನಲ್ಲಿ, ನುಡಿಯುತ್ತಿರುವುದು ಯಾವುದೆಂದು ಕಾಣದೆ, 16 ಸಲ ಕೇಳಿ. 12 ಸಲ ಅಥವಾ ಹೆಚ್ಚು ಸರಿಯಾಗಿ ಗುರುತಿಸಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಆದರೆ ಎರಡು ಮಾಸ್ಟರಿಂಗ್‌ಗಳನ್ನು ಬೇರೆ ಎಂದು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ನಿಮಗೆ ಬೇಕಾಗಿರುವುದು ಯಾವುದು ಇಷ್ಟ ಎನ್ನುವುದು. ಅದಕ್ಕೆ ಫೈಲುಗಳ ಹೆಸರನ್ನು ಬೇರೆಯವರಿಂದ ಬದಲಾಯಿಸಿ, ಬೇರೆಬೇರೆ ದಿನ ಕೇಳಿ ಗುರುತು ಹಾಕಿಕೊಳ್ಳಿ. ಅಷ್ಟಾದ ಮೇಲೂ 1998ರದ್ದೇ ಹಿಡಿಸಿದರೆ ಯಾರಿಗೂ ಜವಾಬು ಕೊಡಬೇಕಿಲ್ಲ. ಹೊಸದಾಗಿ ಕೊಳ್ಳುವುದಿದ್ದರೆ 2015ರ ರೀಮಾಸ್ಟರ್ ಕೂಡ ಸಿಡಿಯಲ್ಲಿ 2018ರಿಂದ ಬಂದಿದೆ, ಅದನ್ನೂ ಇದೇ ತಕ್ಕಡಿಗೆ ಹಾಕಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳುವಾಗ ಅದು ಮೂಲ ಮುದ್ರಣವೋ ಆಮೇಲಿನದೋ ಅಂತ ಹೇಗೆ ತಿಳಿಯುವುದು? ಕವರ್ ಮೇಲೆ 1983 ಅಂತಲೇ ಇರುತ್ತದೆ.

ಉತ್ತರ: ಕವರ್ ಮೇಲಿನ ಇಸವಿ ಹಾಡು ಬಿಡುಗಡೆಯಾದ ವರ್ಷ, ತಟ್ಟೆ ಅಚ್ಚಾದ ವರ್ಷವಲ್ಲ. ಹಿಂಬದಿಯ ‘ಎಎಡಿ’, ‘ಡಿಡಿಡಿ’ ಅಕ್ಷರಗಳು ಕೂಡ ರೆಕಾರ್ಡಿಂಗ್, ಮಿಕ್ಸಿಂಗ್, ಮಾಸ್ಟರಿಂಗ್ ಅನಲಾಗೋ ಡಿಜಿಟಲ್ಲೋ ಎಂಬುದನ್ನಷ್ಟೇ ಹೇಳುತ್ತವೆ. ತಟ್ಟೆಯನ್ನೇ ತಿರುಗಿಸಿ, ನಡುವಿನ ತೂತಿನ ಸುತ್ತ ಇರುವ ಕನ್ನಡಿಯಂಥ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಅಚ್ಚಿನ ಗುರುತು, ಕೊರೆದಿರುತ್ತದೆ. ಅದರ ಹತ್ತಿರವೋ ತೂತಿನ ಪಕ್ಕದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೋ ‘ಐಎಫ್‌ಪಿಐ’ ಎಂಬ ಪುಟ್ಟ ಅಕ್ಷರಗಳಿದ್ದರೆ ತಟ್ಟೆ 1994ಕ್ಕೆ ಮುಂಚಿನದ್ದಲ್ಲ, ಏಕೆಂದರೆ ಆ ಗುರುತು ಶುರುವಾದದ್ದೇ ಆಗ. ಇಲ್ಲದಿದ್ದರೆ ಹಳೆಯದಿರಬಹುದು, ಅಷ್ಟರಿಂದಲೇ ಖಾತರಿಯಿಲ್ಲ. ಎಲ್ಲ ಕಾರ್ಖಾನೆಗಳೂ ಒಂದೇ ದಿನ ಅದನ್ನು ಕೊರೆಯಲು ಶುರು ಮಾಡಲಿಲ್ಲ. ‘ಮೇಡ್ ಇನ್ ವೆಸ್ಟ್ ಜರ್ಮನಿ’ ಎಂದು ತಟ್ಟೆಯ ಮೇಲೆಯೇ ಇದ್ದರೆ ಸಾಮಾನ್ಯವಾಗಿ 1990ರ ಏಕೀಕರಣಕ್ಕೆ ಹಿಂದಿನದು. ಕವರ್ ಮತ್ತು ತಟ್ಟೆ ಅದಲುಬದಲಾಗಿರುವುದು ಉಂಟು, ಆದ್ದರಿಂದ ಕಾಗದವನ್ನು ನಂಬಬೇಡಿ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಶಿಖರ ಮಟ್ಟ, ಅಂದರೆ ಹಾಡಿನಲ್ಲಿ ಸದ್ದು ಮುಟ್ಟುವ ಅತಿ ಎತ್ತರ. ಎಕ್ಸಾಕ್ಟ್ ಆಡಿಯೋ ಕಾಪಿ ಪ್ರತಿ ಹಾಡಿನ ಪೀಕ್ ಲೆವೆಲ್ ಅನ್ನು ಶೇಕಡಾ ಲೆಕ್ಕದಲ್ಲಿ ಲಾಗ್ ಫೈಲಿನಲ್ಲಿ ಬರೆಯುತ್ತದೆ. ಉದಾಹರಣೆಗೆ ಒಂದು ತಟ್ಟೆಯ ಮೊದಲ ಮೂರು ಹಾಡುಗಳು 82.3, 79.6, 91.4 ಎನ್ನಿ. ಇನ್ನೊಂದು ದೇಶದಲ್ಲಿ ಅಚ್ಚಾದ ತಟ್ಟೆಯಲ್ಲೂ ಅವೇ ಅಂಕಿಗಳಿದ್ದರೆ, ಕವರ್ ಎಷ್ಟೇ ಬೇರೆಯಿರಲಿ, ಮಾಸ್ಟರಿಂಗ್ ಒಂದೇ. 86.4, 83.6, 96.0 ಎಂದು ಬಂದರೆ ಮೂರೂ ಒಂದೇ ಪ್ರಮಾಣದಲ್ಲಿ, 1.05 ಪಟ್ಟು, ಏರಿವೆ: ಅದೇ ಮಾಸ್ಟರಿಂಗ್, ಮಟ್ಟ ಮಾತ್ರ ತುಸು ಎತ್ತಿದ್ದಾರೆ. ಎಲ್ಲ ಹಾಡೂ 98.8 ಅಂತಲೋ 100 ಅಂತಲೋ ಗೆರೆ ಎಳೆದಂತೆ ಒಂದೇ ಕಡೆ ನಿಂತಿದ್ದರೆ ಅಲ್ಲಿ ಲಿಮಿಟರ್ ಕೂತಿದೆ ಎಂದು ತಿಳಿಯಿರಿ. ಎರಡೂ ತಟ್ಟೆಗಳು 100 ತೋರಿಸಿದರೆ ಈ ಉಪಾಯ ನಡೆಯುವುದಿಲ್ಲ.

ಆಗ ಕಳೆಯುವ ಲೆಕ್ಕ ಮಾಡಿ. ಆಡಾಸಿಟಿಯಲ್ಲಿ ಎರಡೂ ಫೈಲು ತೆರೆದು, ಸ್ಯಾಂಪಲ್‌ಗಳು (ಸದ್ದಿನ ಒಂದೊಂದು ಅಳತೆ) ಚುಕ್ಕಿಗಳಾಗಿ ಕಾಣುವಷ್ಟು ಹಿಗ್ಗಿಸಿ, ಒಂದೇ ಶಿಖರವನ್ನು ಎರಡರಲ್ಲೂ ನೇರಕ್ಕೆ ತನ್ನಿ. ಮುದ್ರಣದಿಂದ ಮುದ್ರಣಕ್ಕೆ ಕೆಲವು ನೂರು ಸ್ಯಾಂಪಲ್ ಸರಿದಿರುವುದು ಮಾಮೂಲು. ಒಂದಕ್ಕೆ ‘ಇನ್ವರ್ಟ್’ (ತರಂಗವನ್ನು ತಲೆಕೆಳಗು ಮಾಡುವ ಆಯ್ಕೆ) ಕೊಟ್ಟು ಎರಡನ್ನೂ ಬೆರೆಸಿ. ಸಂಪೂರ್ಣ ಮೌನ ಉಳಿದರೆ ದತ್ತಾಂಶ ಒಂದೇ. ಹಾಡು ಮುಂದುವರಿದಂತೆ ಸದ್ದು ಮೆಲ್ಲಗೆ ಏರುತ್ತಾ ಹೋದರೆ ಟೇಪನ್ನು ಬೇರೊಂದು ಸಲ ಓಡಿಸಿ ವರ್ಗಾಯಿಸಿದ್ದಾರೆ. ಟೇಪಿನ ವೇಗ ಎರಡು ಸಲ ಕರಾರುವಾಕ್ಕಾಗಿ ಒಂದೇ ಇರುವುದಿಲ್ಲ.

ಪ್ರಶ್ನೆ: ಜಪಾನಿನಲ್ಲಿ ಅಚ್ಚಾದ ಹಳೇ ಸಿಡಿ ಪ್ಲೇಯರ್‌ನಲ್ಲಿ ಇಂಪಾಗಿದೆ. ಕಂಪ್ಯೂಟರಿಗೆ ಇಳಿಸಿದ ಮೇಲೆ ಸಿಂಬಲ್ಲುಗಳು ಕಿವಿ ಕೊರೆಯುತ್ತವೆ. ಡ್ರೈವ್ ಹಾಳಾಗಿದೆಯೇ?

ಉತ್ತರ: ಡ್ರೈವ್ ಅಲ್ಲ, ಪ್ರಿ-ಎಂಫಸಿಸ್. ಸಿಡಿಯ ಆರಂಭದ ವರ್ಷಗಳಲ್ಲಿ ಕೆಲವು ತಟ್ಟೆಗಳಲ್ಲಿ ಟ್ರೆಬಲ್ಲನ್ನು ಬೇಕೆಂದೇ ಎತ್ತಿ ಬರೆಯುತ್ತಿದ್ದರು. ಪ್ಲೇಯರ್ ಅದರ ಗುರುತನ್ನು ಓದಿ ಅಷ್ಟೇ ಪ್ರಮಾಣದಲ್ಲಿ ಇಳಿಸಿ ನುಡಿಸುತ್ತದೆ. ಮೇಲ್ದನಿಯ ಮೊರೆತವೂ ಜೊತೆಗೇ ತಗ್ಗುತ್ತದೆ ಎಂಬುದು ಲೆಕ್ಕಾಚಾರ. ಕಂಪ್ಯೂಟರಿಗೆ ಇಳಿಸುವಾಗ ಹಸಿ ದತ್ತಾಂಶ ಹಾಗೇ ಬರುತ್ತದೆ, ಟ್ರೆಬಲ್ ತಗ್ಗಿಸುವವರು ಯಾರೂ ಇಲ್ಲ. ಏರಿಕೆ 3 ಕಿಲೋಹರ್ಟ್ಸ್ ಹತ್ತಿರ ಸುಮಾರು 2.4 ಡೆಸಿಬೆಲ್, 10ರಲ್ಲಿ 7.6, 20ರಲ್ಲಿ 9.5. ಕಿವಿ ಕೊರೆಯದೆ ಇನ್ನೇನು!

ಎಕ್ಸಾಕ್ಟ್ ಆಡಿಯೋ ಕಾಪಿಯ ಹಾಡುಗಳ ಪಟ್ಟಿಯಲ್ಲಿ ಪ್ರಿ-ಎಂಫಸಿಸ್ ಕಾಲಂ ಇದೆ, ಅಲ್ಲಿ ‘ಯೆಸ್’ ಎಂದಿದ್ದರೆ ಕತೆ ಮುಗಿಯಿತು. ತೊಡಕೆಂದರೆ ಕೆಲವು ತಟ್ಟೆಗಳಲ್ಲಿ ಗುರುತು ಸಿಡಿಯ ವಿಷಯಸೂಚಿಯಲ್ಲಿ ಇರುವುದಿಲ್ಲ, ಹಾಡಿನ ಜೊತೆ ಓಡುವ ಸಬ್‌ಕೋಡ್‌ನಲ್ಲಿ ಮಾತ್ರ ಇರುತ್ತದೆ. ಆಗ ‘ನೋ’ ಎಂದು ತೋರಿಸಿದರೂ ನಂಬುವಂತಿಲ್ಲ. ಅದೇ ಆಲ್ಬಮ್ಮಿನ ಇನ್ನೊಂದು ಸಿಡಿಯ ಸ್ಪೆಕ್ಟ್ರಮ್ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ) ಜೊತೆ ಹೋಲಿಸಿ. ವ್ಯತ್ಯಾಸ ಮೇಲೆ ಹೇಳಿದ ಅಂಕಿಗಳ ಜಾಡಿನಲ್ಲೇ ನುಣುಪಾಗಿ ಏರುತ್ತಿದ್ದರೆ ಅನುಮಾನವೇ ಬೇಡ. ಸರಿಪಡಿಸಲು ಸಾಕ್ಸ್ ತಂತ್ರಾಂಶದ ‘ಡಿಎಂಫ್’ ಎಫೆಕ್ಟ್ ಸಾಕು. 24 ಬಿಟ್ಟಿಗೆ ಬರೆಸಿ, ಮೂಲ ಫೈಲನ್ನು ಅಳಿಸದೆ ಪಕ್ಕಕ್ಕಿಡಿ. ಇದನ್ನು ಮಾಡದೆ ಹಳೇ ಜಪಾನ್ ಮುದ್ರಣಗಳಿಗೆ ‘ಸ್ಪಷ್ಟ’ ಎಂದು ಹೊಗಳುವವರೂ ಇದ್ದಾರೆ, ‘ಕರ್ಕಶ’ ಎಂದು ತೆಗಳುವವರೂ ಇದ್ದಾರೆ. ಇಬ್ಬರೂ ಕೇಳುತ್ತಿರುವುದು ಅರ್ಧ ಬೆಂದ ಅಡುಗೆ.

ಪ್ರಶ್ನೆ: ಸದ್ದಿನ ಏರಿಳಿತ ಅಳೆಯುವ ಡೈನಾಮಿಕ್ ರೇಂಜ್ (ಡಿಆರ್) ಮೀಟರಿನಲ್ಲಿ ಒಂದು ಸಿಡಿಗೆ ಡಿಆರ್ 13, ರೀಮಾಸ್ಟರಿಗೆ ಡಿಆರ್ 7, ಎಲ್‌ಪಿಗೆ 14. ಕಣ್ಣು ಮುಚ್ಚಿ ದೊಡ್ಡ ಅಂಕಿಯದನ್ನು ಕೊಳ್ಳಬಹುದೇ?

ಉತ್ತರ: 13ಕ್ಕೂ 7ಕ್ಕೂ ಇರುವ ಅಂತರ ನಿಜವಾದದ್ದೇ. ಈ ಮೀಟರ್ ಹಾಡನ್ನು 3 ಸೆಕೆಂಡಿನ ತುಂಡುಗಳಾಗಿ ಒಡೆದು, ಅತಿ ಜೋರಿನ ಶೇ 20 ತುಂಡುಗಳ ಸರಾಸರಿ ಮಟ್ಟಕ್ಕೂ ಶಿಖರಕ್ಕೂ ಎಷ್ಟು ದೂರ ಎಂದು ಅಳೆಯುತ್ತದೆ. 7 ಬಂದಿದೆಯೆಂದರೆ ಡ್ರಮ್ ಏಟುಗಳ ಶಿಖರ ಸವರಿದ್ದಾರೆ. ಆದರೆ 13 ಬಂದ ಮಾತ್ರಕ್ಕೆ ಸಿಡಿ ಚೆನ್ನಾಗಿದೆ ಎನ್ನುವಂತಿಲ್ಲ. ಎಂಬತ್ತರ ದಶಕದಲ್ಲಿ ಎಷ್ಟೋ ಸಿಡಿಗಳನ್ನು ಎಲ್‌ಪಿ ಕೊರೆಯಲೆಂದು ಸಿದ್ಧಪಡಿಸಿದ ಟೇಪಿನ ನಕಲಿನಿಂದಲೇ ಮಾಡಿದರು. ಬೇಸ್ ತಗ್ಗಿಸಿದ, ಒಂದೆರಡು ಪೀಳಿಗೆ ಕೆಳಗಿನ ಟೇಪು ಅದು. ಡಿಆರ್ ಭರ್ಜರಿ, ಸದ್ದು ಬಡಕಲು. ಮೂಲ ಟೇಪನ್ನೇ ಹುಡುಕಿ ತಂದು, ಲಿಮಿಟರನ್ನು ಮಿತವಾಗಿ ಬಳಸಿದ ರೀಮಾಸ್ಟರ್ ಡಿಆರ್ 10 ಇದ್ದರೂ ಅದನ್ನು ಸೋಲಿಸುತ್ತದೆ. ಎಲ್‌ಪಿಯ ಅಂಕಿಯನ್ನಂತೂ ಸಿಡಿಯ ಪಕ್ಕ ಇಡಲೇಬೇಡಿ. ಕೊರೆಯುವಾಗ, ಮುಳ್ಳು ಓದುವಾಗ ತರಂಗದ ಆಕಾರ ಬದಲಾಗಿ ಶಿಖರಗಳು ತಾವಾಗಿ ಎದ್ದು ನಿಲ್ಲುತ್ತವೆ. ಒಂದೇ ಡಿಜಿಟಲ್ ಮಾಸ್ಟರಿನಿಂದ ಮಾಡಿದ ಎಲ್‌ಪಿಗೂ ಮೀಟರ್ ಹೆಚ್ಚಿನ ಅಂಕ ಕೊಡುತ್ತದೆ.

ಪ್ರಶ್ನೆ: ಮೆಟಾಲಿಕಾದ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. 2018ರ ರೀಮಾಸ್ಟರಿನಲ್ಲಿ ಸರಿಹೋಗಿದೆಯೇ?

ಉತ್ತರ: ಇಲ್ಲ. ರೀಮಾಸ್ಟರ್ ಎಂದರೆ ಬೆರೆಸಿ ಮುಗಿಸಿದ ಎರಡು ಚಾನೆಲ್ಲಿನ ಟೇಪಿನ ಮೇಲೆ ಮಾಡುವ ಕೆಲಸ. ಬೇಸ್ ಗಿಟಾರನ್ನು ಬೇರೆ ಎತ್ತಬೇಕಾದರೆ ಒಂದೊಂದು ವಾದ್ಯವೂ ಬೇರೆಬೇರೆಯಾಗಿರುವ ಮಲ್ಟಿಟ್ರ್ಯಾಕ್ ಟೇಪಿಗೆ ಹೋಗಿ ಹೊಸದಾಗಿ ಮಿಕ್ಸ್ ಮಾಡಬೇಕು. 2018ರಲ್ಲಿ ಹಾಗೆ ಮಾಡಿಲ್ಲ. ಈಕ್ವಲೈಜರಿನಲ್ಲಿ ಬೇಸ್ ಎತ್ತಿದರೆ ಏಳುವುದು ಕಿಕ್ ಡ್ರಮ್ಮು ಮತ್ತು ಗಿಟಾರಿನ ಕೆಳದನಿ.

ರೀಮಿಕ್ಸ್ ಆದ ಆಲ್ಬಮ್ಮುಗಳೂ ಇವೆ, ಅಲ್ಲಿ ಎಚ್ಚರ ಬೇಕು. ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’ (1990) 2004ರಲ್ಲಿ ಪೂರ್ತಿ ರೀಮಿಕ್ಸ್ ಆಯಿತು, ಕೆಲವು ಕಡೆ ಹಾಡುಗಾರಿಕೆಯನ್ನೇ ಹೊಸದಾಗಿ ರೆಕಾರ್ಡ್ ಮಾಡಿ ಸೇರಿಸಿದರು. ಓಝಿ ಆಸ್ಬೋರ್ನ್‌ನ ಮೊದಲ ಎರಡು ಆಲ್ಬಮ್ಮುಗಳ ಕತೆ ಇನ್ನೂ ದೊಡ್ಡದು. 2002ರ ಮರುಮುದ್ರಣದಲ್ಲಿ ಬಾಬ್ ಡೇಯ್ಸ್ಲಿಯ ಬೇಸ್, ಲೀ ಕರ್ಸ್‌ಲೇಕ್‌ನ ಡ್ರಮ್ಸ್ ಎರಡನ್ನೂ ತೆಗೆದು ರಾಬರ್ಟ್ ಟ್ರುಹಿಯೋ, ಮೈಕ್ ಬೋರ್ಡಿನ್ ಅವರಿಂದ ಬಾರಿಸಿ ಹಾಕಿದರು. ಮೂಲ ವಾದನ ವಾಪಸು ಬಂದದ್ದು 2011ರ ಮುದ್ರಣದಲ್ಲಿ. ‘ಬ್ಲಿಝಾರ್ಡ್ ಆಫ್ ಆಝ್’ ಅಥವಾ ‘ಡೈರಿ ಆಫ್ ಎ ಮ್ಯಾಡ್‌ಮನ್’ ಕೊಳ್ಳುವಾಗ ಹಿಂಬದಿಯಲ್ಲಿ 2002 ಇದೆಯೇ ಎಂದು ನೋಡಿ, ಇದ್ದರೆ ಕೆಳಗಿಡಿ.

ಪ್ರಶ್ನೆ: ಹಾಗಾದರೆ ರೀಮಾಸ್ಟರನ್ನೇ ಕೊಳ್ಳಬೇಕಾದ ಸಂದರ್ಭ ಇದೆಯೇ?

ಉತ್ತರ: ಇದೆ. ಮೇಡನ್‌ನ ‘ಲೈವ್ ಆಫ್ಟರ್ ಡೆತ್’ ಎರಡು ಎಲ್‌ಪಿಗಳ ಆಲ್ಬಮ್. ಮೊದಲು ಸಿಡಿಗೆ ಬಂದಾಗ ಒಂದೇ ತಟ್ಟೆಯಲ್ಲಿ ತುರುಕಲು ನಾಲ್ಕನೇ ಬದಿಯನ್ನು ಬಿಟ್ಟರು. 1998ರ ಎರಡು ಸಿಡಿಗಳ ಮುದ್ರಣದಲ್ಲಿ ಅದು ಮರಳಿ ಬಂತು. ಸದ್ದು ಎಷ್ಟೇ ಚೆನ್ನಾಗಿರಲಿ, ಇಲ್ಲದ ಹಾಡನ್ನು ಕೇಳಲಾಗುವುದಿಲ್ಲ.

ಪ್ರಶ್ನೆ: 1989ರ ಒಂದು ಸಿಡಿಯ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಒರೆಸಿದರೆ ಹೋಗುತ್ತಿಲ್ಲ.

ಉತ್ತರ: ಹೋಗುವುದಿಲ್ಲ, ಅದು ಕೊಳೆಯಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ಅಚ್ಚಾದ ಹಲವು ತಟ್ಟೆಗಳಿಗೆ ಈ ರೋಗವಿದೆ. ತಟ್ಟೆಯ ಮೇಲಿನ ರಕ್ಷಣೆಯ ಅರಗಿನ ಲೇಪ ಪುಸ್ತಿಕೆಯ ಕಾಗದದಲ್ಲಿದ್ದ ಗಂಧಕವನ್ನು ತಡೆಯಲಿಲ್ಲ, ಒಳಗಿನ ಲೋಹದ ಪದರ ತುಕ್ಕು ಹಿಡಿಯಿತು. ಕನ್ನಡಿ ಪಟ್ಟಿಯಲ್ಲಿ ‘ಮೇಡ್ ಇನ್ ಯು.ಕೆ. ಬೈ ಪಿಡಿಒ’ ಎಂದಿದೆಯೇ ನೋಡಿ. ಸಿಡಿಯ ಓದು ನಡುವಿನಿಂದ ಅಂಚಿನ ಕಡೆ ಸಾಗುವುದರಿಂದ ಅಂಚಿನಲ್ಲಿ ಶುರುವಾದ ಕಂದು ಮೊದಲು ಕೆಡಿಸುವುದು ಕೊನೆಯ ಹಾಡುಗಳನ್ನು. ಕೊನೆಯ ಹಾಡಿನಲ್ಲಿ ಚಟಪಟ ಸದ್ದು ಶುರುವಾಗುವ ಮೊದಲೇ, ಇವತ್ತೇ ಸೆಕ್ಯೂರ್ ಮೋಡ್‌ನಲ್ಲಿ ಇಳಿಸಿಟ್ಟುಕೊಳ್ಳಿ. ಬೇರೆಯವರು ಇಳಿಸಿದ ನಕಲುಗಳ ಜೊತೆ ಹೋಲಿಸುವ ಆ್ಯಕ್ಯುರೇಟ್‌ರಿಪ್‌ನಲ್ಲಿ ತಾಳೆಯಾದರೆ ನಕಲು ಸರಿಯಿದೆ. ಪುಸ್ತಿಕೆಯನ್ನು ತಟ್ಟೆಯಿಂದ ಬೇರೆ ಇಡಿ. ಹಾಳಾಗುವುದು ನಿಲ್ಲುವುದಿಲ್ಲ, ಆದರೆ ದತ್ತಾಂಶ ಕೈಯಲ್ಲಿರುತ್ತದೆ.