ಸೋರುವ ಅಕ್ವೇರಿಯಂ: ದುರಸ್ತಿಯೋ, ಹೊಸ ತೊಟ್ಟಿಯೋ?

ಪ್ರಶ್ನೆ: ನಮ್ಮ ಮನೆಯಲ್ಲಿ 90 ಸೆಂ.ಮೀ. ಉದ್ದ, 38 ಸೆಂ.ಮೀ. ಅಗಲ ಮತ್ತು 45 ಸೆಂ.ಮೀ. ಎತ್ತರದ ಗಾಜಿನ ಅಕ್ವೇರಿಯಂ ಇದ್ದು, ಅದರಲ್ಲಿ ಗೌರಾಮಿ ಮತ್ತು ಟೆಟ್ರಾ ಮೀನುಗಳನ್ನು ಹಲವು ವರ್ಷಗಳಿಂದ ಸಾಕುತ್ತಿದ್ದೇವೆ. ಈಚೆಗೆ ಹಿಂಬದಿಯ ಒಂದು ಮೂಲೆಯ ಕೆಳಗೆ ಸ್ಟ್ಯಾಂಡಿನ ಹಲಗೆ ಪ್ರತಿದಿನವೂ ಒದ್ದೆಯಾಗುತ್ತಿದೆ. ನೀರು ತೆಗೆಯದೆ ಹೊರಗಿನಿಂದಲೇ ಸಿಲಿಕೋನ್ ಹಚ್ಚಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ಸರಿಯೇ? ತೊಟ್ಟಿಯನ್ನೇ ಬದಲಾಯಿಸಬೇಕಾದರೆ ಮೀನುಗಳಿಗೆ ತೊಂದರೆಯಾಗದಂತೆ ಹೇಗೆ ಮಾಡಬೇಕು?

ಉತ್ತರ: ಮೊದಲು ಆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಒದ್ದೆಯಾದ ಹಲಗೆಯೆಲ್ಲ ತೊಟ್ಟಿ ಸೋರುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಫಿಲ್ಟರಿನ ಕೊಳವೆಯ ಜೋಡಣೆ ಸಡಿಲವಾಗಿರಬಹುದು, ಗಾಳಿಯ ಗುಳ್ಳೆಗಳು ಒಡೆದಾಗ ಸಿಡಿಯುವ ಹನಿಗಳು ವೈರಿನ ಗುಂಟ ಇಳಿದು ಬರುತ್ತಿರಬಹುದು, ನೀರು ಕೋಣೆಯ ಗಾಳಿಗಿಂತ ತಣ್ಣಗಿದ್ದರೆ ಗಾಜಿನ ಹೊರಮೈಯಲ್ಲಿ ತೇವ ಕೂಡಿಕೊಂಡು ಕೆಳಗಿಳಿಯುತ್ತಿರಬಹುದು. ತೊಟ್ಟಿಯ ಹೊರಮೈಯನ್ನು ಸಂಪೂರ್ಣ ಒರೆಸಿ ಒಣಗಿಸಿ, ಫಿಲ್ಟರನ್ನೂ ಏರ್ ಪಂಪನ್ನೂ ಒಂದೆರಡು ಗಂಟೆ ನಿಲ್ಲಿಸಿ, ಸಂದುಗಳ ಉದ್ದಕ್ಕೂ ಟಿಶ್ಯೂ ಕಾಗದದ ಪಟ್ಟಿಗಳನ್ನು ಒತ್ತಿಡಿ. ಎಲ್ಲ ಯಂತ್ರಗಳೂ ನಿಂತಿರುವಾಗ ಒಂದೇ ಜಾಗದಲ್ಲಿ ಕಾಗದ ನೆನೆದರೆ ದೋಷ ಗಾಜಿನ ಜೋಡಣೆಯಲ್ಲಿಯೇ ಇದೆ ಎಂದು ತಿಳಿಯಬಹುದು.

ಹಾಗಿದ್ದಲ್ಲಿ ತಡಮಾಡದೆ ಮಾಡಬೇಕಾದ ಕೆಲಸ ನೀರಿನ ಮಟ್ಟವನ್ನು ತಗ್ಗಿಸುವುದು. ನಿಮ್ಮ ತೊಟ್ಟಿ ತುಂಬಿದಾಗ ಅದರಲ್ಲಿ ಸುಮಾರು 150 ಲೀಟರ್, ಅಂದರೆ 150 ಕಿಲೋ ನೀರಿರುತ್ತದೆ, ಮತ್ತು ಆ ನೀರು ಮುಂದಿನ ಗಾಜೊಂದನ್ನೇ ಸುಮಾರು 90 ಕಿಲೋ ತೂಕಕ್ಕೆ ಸಮನಾದ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಮಟ್ಟವನ್ನು ಅರ್ಧಕ್ಕೆ ಇಳಿಸಿದರೆ ಈ ಬಲ ಅರ್ಧವಲ್ಲ, ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೀರಿನ ಆಳವೂ ಒತ್ತಡಕ್ಕೊಳಗಾದ ಗಾಜಿನ ವಿಸ್ತೀರ್ಣವೂ ಒಟ್ಟಿಗೆ ಕಡಿಮೆಯಾಗುವುದೇ ಇದಕ್ಕೆ ಕಾರಣ. ನೀರಿಗೆ ಕೈಹಾಕುವ ಮೊದಲು ವಿದ್ಯುತ್ ಪ್ಲಗ್ಗುಗಳನ್ನೆಲ್ಲ ತೆಗೆಯಿರಿ. ಹೀಟರ್ ಇದ್ದರೆ ಅದನ್ನು ಆರಿಸಿ, ತಣಿಯಲು ಸ್ವಲ್ಪ ಹೊತ್ತು ನೀರಿನಲ್ಲಿಯೇ ಬಿಟ್ಟು ಆಮೇಲೆ ಹೊರತೆಗೆಯಬೇಕು, ಇಲ್ಲವಾದರೆ ಅದರ ಗಾಜು ಬಿರಿಯಬಹುದು.

ಹೊರಗಿನಿಂದ ಸಿಲಿಕೋನ್ ಹಚ್ಚುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಳಗಿನ ನೀರು ಸಂದಿಯ ಮೂಲಕ ಬಂದು ಹೊರಗಿನ ಲೇಪವನ್ನು ಹಿಂದಿನಿಂದ ಒತ್ತುತ್ತಲೇ ಇರುತ್ತದೆ, ಒದ್ದೆ ಗಾಜಿಗೆ ಸಿಲಿಕೋನ್ ಹಿಡಿಯುವುದೂ ಇಲ್ಲ. ದುರಸ್ತಿ ಒಳಗಿನಿಂದಲೇ ಆಗಬೇಕು. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಒಳ ಅಂಚಿನ ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಕೆರೆದು, ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಅಕ್ವೇರಿಯಂಗೆ ಯೋಗ್ಯವೆಂದು ನಮೂದಿಸಿರುವ, ಬೂಷ್ಟು ನಿರೋಧಕ ವಿಷ ಬೆರೆಸದ ಸಿಲಿಕೋನನ್ನು ಎಲ್ಲ ಅಂಚುಗಳಿಗೂ ಒಂದೇ ಸಲಕ್ಕೆ ಹಚ್ಚಬೇಕು. ಸೋರುವ ಮೂಲೆಗೆ ಮಾತ್ರ ಹಚ್ಚಿದರೆ ಹಳೆಯದೂ ಹೊಸದೂ ಸೇರುವ ಕಡೆ ಬೆಸುಗೆ ನಿಲ್ಲುವುದಿಲ್ಲ, ಏಕೆಂದರೆ ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಭದ್ರವಾಗಿ ಅಂಟುವುದಿಲ್ಲ. ಅದು ಗಾಳಿಯ ತೇವವನ್ನು ಹೀರಿ ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ ಗಟ್ಟಿಯಾಗುವುದರಿಂದ, ಮುಟ್ಟಿದರೆ ಒಣಗಿದಂತಿದ್ದರೂ ಹುಳಿವಾಸನೆ ಪೂರ್ತಿ ಹೋಗುವವರೆಗೆ, ಸಾಮಾನ್ಯವಾಗಿ ಒಂದು ವಾರ, ನೀರು ತುಂಬಬಾರದು.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಒಳ ಅಂಚಿನ ಪಟ್ಟಿ ಕೇವಲ ಹೊದಿಕೆ. ತೊಟ್ಟಿಯನ್ನು ಹಿಡಿದು ನಿಲ್ಲಿಸುವುದು ಒಂದು ಗಾಜಿನ ಅಂಚಿಗೂ ಇನ್ನೊಂದು ಗಾಜಿಗೂ ನಡುವೆ ಇರುವ ತೆಳುವಾದ ಸಿಲಿಕೋನ್ ಪದರ. ಆ ಪದರದಲ್ಲಿ ಗುಳ್ಳೆಗಳೋ ಬಿಳಿಚಿಕೊಂಡ ಭಾಗಗಳೋ ಕಾಣುತ್ತಿದ್ದರೆ, ಅಥವಾ ಗಾಜಿನಲ್ಲಿಯೇ ಬಿರುಕಿದ್ದರೆ, ದುರಸ್ತಿಯ ಯೋಚನೆಯನ್ನು ಬಿಟ್ಟು ಹೊಸ ತೊಟ್ಟಿಯನ್ನು ತರುವುದೇ ವಿವೇಕ. ನಿಮ್ಮದು ಹಲವು ವರ್ಷ ಹಳೆಯ, 150 ಲೀಟರಿನ ತೊಟ್ಟಿಯಾದ್ದರಿಂದ ನನ್ನ ಸಲಹೆಯೂ ಅದೇ.

ಹೊಸ ತೊಟ್ಟಿ ಬಂದ ಕೂಡಲೇ ಮೀನು ಬಿಡಬೇಡಿ. ನೀರು ಚೆಲ್ಲಿದರೂ ಹಾನಿಯಾಗದ ಸಮತಟ್ಟಾದ ಜಾಗದಲ್ಲಿಟ್ಟು, ತುಂಬಿಸಿ, ಎರಡು ದಿನ ಗಮನಿಸಿ. ಹಳೆಯ ಸ್ಟ್ಯಾಂಡನ್ನೇ ಬಳಸುವುದಾದರೆ ಅದನ್ನು ಮಟ್ಟಗೋಲಿನಿಂದ ಪರೀಕ್ಷಿಸಲೇಬೇಕು, ಏಕೆಂದರೆ ನೆನೆದು ಉಬ್ಬಿದ ಹಲಗೆ ಒಂದು ಮೂಲೆಯನ್ನು ಮೇಲೆತ್ತಿ ಹೊಸ ಗಾಜಿನ ಸಂದುಗಳನ್ನೂ ತಿರುಚುತ್ತದೆ. ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ತೊಟ್ಟಿಗೆ ಅಡಿಯಲ್ಲಿ ತೆಳು ಥರ್ಮೋಕೋಲ್ ಹಾಸಬೇಕು. ಸುತ್ತ ಚೌಕಟ್ಟಿದ್ದು ತಳದ ಗಾಜು ಹಲಗೆಗೆ ತಾಗದೆ ಮೇಲೆ ನಿಲ್ಲುವಂತಹ ತೊಟ್ಟಿಗೆ ಅದನ್ನು ಹಾಸಬಾರದು.

ಮೀನುಗಳನ್ನು ಸಾಬೂನು ಸೋಂಕದ ದೊಡ್ಡ ಟಬ್ಬಿನಲ್ಲಿ, ಹಳೆಯ ತೊಟ್ಟಿಯ ನೀರಿನಲ್ಲಿಯೇ ಇರಿಸಿ, ಹಳೆಯ ಫಿಲ್ಟರನ್ನು ಅಲ್ಲಿಯೇ ಓಡಿಸಿ. ಟಬ್ಬನ್ನು ಗಾಳಿಯಾಡುವಂತೆ ಬಲೆಯಿಂದ ಮುಚ್ಚಿ, ನೀರಿನ ಮೇಲೆ ಸಾಕಷ್ಟು ಜಾಗ ಬಿಡಿ. ಗೌರಾಮಿಗಳು ಮೇಲಕ್ಕೆ ಬಂದು ಗಾಳಿ ನುಂಗುವುದು ಅವುಗಳ ಸಹಜ ಉಸಿರಾಟ, ಅದಕ್ಕೆ ಗಾಬರಿಯಾಗಬೇಕಿಲ್ಲ. ಒಂದೆರಡು ದಿನ ಆಹಾರ ಹಾಕದಿದ್ದರೆ ಆರೋಗ್ಯವಂತ ಮೀನಿಗೆ ಏನೂ ಆಗುವುದಿಲ್ಲ, ನೀರು ಮಾತ್ರ ಕೆಡದೆ ಉಳಿಯುತ್ತದೆ. ಹಳೆಯ ತೊಟ್ಟಿಯನ್ನು ನೀರಾಗಲಿ ಜಲ್ಲಿಯಾಗಲಿ ಇರುವಾಗ ಎತ್ತಲೇಬೇಡಿ. ಹೊಸ ತೊಟ್ಟಿ ಸಿದ್ಧವಾದ ಮೇಲೆ ಫಿಲ್ಟರನ್ನು ಹಾಗೆಯೇ ಅದಕ್ಕೆ ವರ್ಗಾಯಿಸಿ, ಕ್ಲೋರಿನ್ ತೆಗೆದ ನೀರು ತುಂಬಿ, ಎರಡೂ ಕಡೆಯ ಉಷ್ಣತೆ ಸರಿಹೊಂದಿದಾಗ, ಟಬ್ಬಿನ ನೀರಿಗೆ ಹೊಸ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ಒಗ್ಗಿಸಿ ಮೀನುಗಳನ್ನು ಬಿಡಿ.

ಪ್ರಶ್ನೆ: ಸೋರುತ್ತಿದ್ದ ತೊಟ್ಟಿಯನ್ನು ಬದಲಾಯಿಸುವಾಗ ಜಲ್ಲಿ, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು ಹೊಸದಕ್ಕೆ ಹಾಕಿದೆವು. ನಾಲ್ಕು ದಿನಗಳಾದ ಮೇಲೆ ನೀರು ಮಬ್ಬಾಗಿದೆ, ಗೋಲ್ಡ್‌ಫಿಶ್‌ಗಳು ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿವೆ. ಹೊಸ ಗಾಜಿನ ಅಂಟು ವಿಷವಾಗಿರಬಹುದೇ?

ಉತ್ತರ: ಅಂಟಿಗಿಂತ ತೊಳೆದ ಸ್ಪಂಜಿನ ಮೇಲೆಯೇ ನನ್ನ ಅನುಮಾನ. ಮೀನಿನ ಕಿವಿರು ಮತ್ತು ಮಲದಿಂದ ಹೊರಬೀಳುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಅಷ್ಟಾಗಿ ತೇಲಾಡುವುದಿಲ್ಲ. ಅವು ಸ್ಪಂಜು ಮತ್ತು ಜಲ್ಲಿಯ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಂದಿದೆ ಎಂದೇ ತೋರುತ್ತದೆ. ಪರೀಕ್ಷಾ ಕಿಟ್ಟಿನಿಂದ ಅಮೋನಿಯಾ ಮತ್ತು ನೈಟ್ರೈಟ್ ಎರಡನ್ನೂ ಅಳೆಯಿರಿ, ಎರಡೂ ಸೊನ್ನೆಯಿರಬೇಕು. ಆದರೆ ಕಿಟ್ಟಿಗಾಗಿ ಕಾಯಬೇಡಿ. ಇಂದೇ ಅರ್ಧದಷ್ಟು ನೀರನ್ನು ಕ್ಲೋರಿನ್ ತೆಗೆದ, ಅದೇ ಉಷ್ಣತೆಯ ನೀರಿನಿಂದ ಬದಲಾಯಿಸಿ, ಏರ್ ಪಂಪಿಗೆ ಜೋಡಿಸಿ ಗುಳ್ಳೆ ಬಿಡಿಸುವ ಏರ್ ಸ್ಟೋನ್ ಹಾಕಿ, ಆಹಾರ ನಿಲ್ಲಿಸಿ. ನೈಟ್ರೈಟ್ ಮೀನಿನ ರಕ್ತ ಆಮ್ಲಜನಕವನ್ನು ಹೊರುವುದನ್ನು ತಡೆಯುವುದರಿಂದ, ಗೋಲ್ಡ್‌ಫಿಶ್‌ಗೆ ಲೀಟರಿಗೆ 1 ಗ್ರಾಂ ಸಾದಾ ಉಪ್ಪನ್ನು ಕರಗಿಸಿ ಸೇರಿಸಿದರೆ ಆ ನೈಟ್ರೈಟ್ ದೇಹದೊಳಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾಗಳು ಮತ್ತೆ ನೆಲೆಗೊಳ್ಳಲು ಮೂರರಿಂದ ಆರು ವಾರ ಬೇಕಾಗುವುದರಿಂದ, ಅಲ್ಲಿಯವರೆಗೆ ಅಳತೆಯನ್ನು ನೋಡಿಕೊಂಡು ನೀರು ಬದಲಾಯಿಸುತ್ತಿರಿ. ಪರಿಚಿತರ ಮನೆಯಲ್ಲಿ ರೋಗವಿಲ್ಲದ ಅಕ್ವೇರಿಯಂ ಇದ್ದರೆ ಅಲ್ಲಿನ ಓಡುತ್ತಿರುವ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನು ಕೇಳಿ, ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿನಲ್ಲಿ ಇಡಿ. ಆಗ ಈ ಕಾಯುವಿಕೆ ಸಾಕಷ್ಟು ಕಡಿಮೆಯಾಗುತ್ತದೆ.